ದೇವಾಲಯದ ನೇರ ಪ್ರಸಾರ: ಕೊನೆಯ ಗದ್ದೆಗೂ ನೀರು

(ಶತಮಾನೋತ್ಸವದ ಅಂಗವಾಗಿ ಶಿರಾಳಕೊಪ್ಪದಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಮಹತ್ವದ ಸಂದರ್ಭದಲ್ಲಿ ನಿಮ್ಮ ಮುಂದೆ ನಿಂತು ಮಾತನಾಡಲು ನನ್ನಂಥವನನ್ನು ಕರೆದಿರುವುದು ನಿಮ್ಮ ದೊಡ್ಡತನವೇ ಹೊರತು ನನ್ನ ಯೋಗ್ಯತೆಯಲ್ಲ. ನಾನು ದೇವಶಾಸ್ತ್ರ ಓದಿದವನಲ್ಲ, ಎಂಜಿನಿಯರನೂ ಅಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. 2020ರ ಕಷ್ಟದ ದಿನಗಳಲ್ಲಿ ಬೇರೆ ಯಾರೂ ಸಮಯಕ್ಕೆ ದೊರೆಯದೆ ಹೋದುದರಿಂದ ಬಲಿಪೂಜೆಯನ್ನು ಅಂತರಜಾಲದ ಮೂಲಕ ಮನೆಮನೆಗೆ ಪ್ರಸಾರ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಆ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳನ್ನೂ, ಆ ತಪ್ಪುಗಳಿಂದ ಕಲಿತುದನ್ನೂ ನಿಮ್ಮ ಮುಂದೆ ನಿವೇದಿಸಿಕೊಳ್ಳುವುದಷ್ಟೇ ಇಂದಿನ ನನ್ನ ಉದ್ದೇಶ.

ಇದನ್ನು ಈಗಲೇ ಹೇಳಬೇಕಾದುದಕ್ಕೆ ಕಾರಣವೂ ಉಂಟು. ಉತ್ಸವದ ಮಹಾ ಬಲಿಪೂಜೆಯನ್ನು ನೇರ ಪ್ರಸಾರ ಮಾಡಬೇಕೆಂದು ಸಮಿತಿ ತೀರ್ಮಾನಿಸಿದೆ. ಅದಕ್ಕಾಗಿ ಬೆಲೆಬಾಳುವ ಹೊಸ ಕ್ಯಾಮೆರಾ ಕೊಳ್ಳಬೇಕೆಂಬ ಸಲಹೆಯೂ ಬಂದಿದೆ. ಹಣ ನೀವೆಲ್ಲರೂ ನಿಮ್ಮ ದುಡಿಮೆಯಿಂದ ಕೊಟ್ಟದ್ದು. ಭತ್ತ, ಜೋಳ, ಅಡಿಕೆ, ಶುಂಠಿ ಬೆಳೆದವರ ಬೆವರು ಅದರಲ್ಲಿದೆ. ಆದುದರಿಂದ ಅದನ್ನು ಖರ್ಚು ಮಾಡುವ ಮುನ್ನ, ನಾವು ಕಳುಹಿಸುವ ಚಿತ್ರ ಯಾರಿಗಾಗಿ, ಅದು ಅವರಿಗೆ ಹೇಗೆ ತಲುಪುತ್ತದೆ ಎಂಬುದನ್ನು ಎಲ್ಲರೂ ಅರಿತಿರುವುದು ಒಳ್ಳೆಯದು.

2020ರ ಮಾರ್ಚ್ 24ರ ರಾತ್ರಿ ದೇಶದಾದ್ಯಂತ ಲಾಕ್‌ಡೌನ್ ಘೋಷಣೆಯಾದುದು ನಿಮಗೆಲ್ಲ ನೆನಪಿದೆ. ಮಾರ್ಚ್ 27ರಂದು, ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆಯಾಗಿದ್ದಾಗ, ಮಳೆಯಲ್ಲಿ ತೊಯ್ದ ನಿರ್ಜನ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸರು ಲೋಕಕ್ಕಾಗಿ ಪ್ರಾರ್ಥಿಸಿದುದನ್ನು ನಮ್ಮಲ್ಲಿ ಅನೇಕರು ಅಂಗೈಯಗಲದ ಮೊಬೈಲಿನಲ್ಲಿ ಕಂಡೆವು. ರೋಮಿನಿಂದ ಇಷ್ಟು ಸ್ಪಷ್ಟವಾಗಿ ಬರುವುದಾದರೆ, ನಮ್ಮ ದೇವಾಲಯದಿಂದ ನಮ್ಮ ಕೇರಿಗೆ ಬಾರದೆ ಇದ್ದೀತೇ ಎಂದು ನಾನು ಭಾವಿಸಿದೆ. ಏಪ್ರಿಲ್ 12ರಂದು ಪುನರುತ್ಥಾನದ ಹಬ್ಬ. ಬೆಂಗಳೂರಿನಲ್ಲಿ ಓದುವ ಹುಡುಗನೊಬ್ಬ ಊರಿಗೆ ಬಂದಾಗ ಬಿಟ್ಟಿದ್ದ ಒಳ್ಳೆಯ ಕ್ಯಾಮೆರಾವನ್ನು ಎರವಲು ತಂದು, ಅದರಲ್ಲಿದ್ದ ಅತ್ಯುತ್ತಮ ಚಿತ್ರದ ಗುಣಮಟ್ಟವನ್ನೇ ಆರಿಸಿದೆ. ಹಬ್ಬದ ದಿನ ಕಡಿಮೆಯದನ್ನೇಕೆ ಕೊಡಬೇಕು ಎಂಬುದು ನನ್ನ ಹುಮ್ಮಸ್ಸು.

ಆ ಚಿತ್ರ ಸಾಗಲು ಸೆಕೆಂಡಿಗೆ ಸುಮಾರು 4.5 ಮೆಗಾಬಿಟ್ ವೇಗ ಬೇಕಾಗಿತ್ತು. ನಮ್ಮಲ್ಲಿದ್ದ ಮೊಬೈಲ್ ಸಂಪರ್ಕದಿಂದ ಮೇಲಕ್ಕೆ ಹೋಗುತ್ತಿದ್ದುದು 2 ಮೆಗಾಬಿಟ್ ಕೂಡ ಅಲ್ಲ. ಆ ಲೆಕ್ಕ ನನಗೆ ಅಂದು ತಿಳಿದಿರಲಿಲ್ಲ. ಪೂಜೆ ಸಾಂಗವಾಗಿ ಮುಗಿಯಿತು. ನಾನೂ ಸಂತೋಷದಿಂದ ಮನೆಗೆ ಹೋದೆ.

ಮೂರು ದಿನಗಳ ನಂತರ ದಿನಸಿ ಹಂಚುವ ಕೆಲಸಕ್ಕೆಂದು ಹೋದಾಗ, ನಾವೆಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದ ಒಬ್ಬ ವೃದ್ಧೆ ಬಾಗಿಲ ಬಳಿ ಕುಳಿತಿದ್ದರು. ಹಬ್ಬದ ದಿನ ಅವರು ಮುಂಜಾನೆಯೇ ಮಿಂದು, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು, ಶಿಲುಬೆಯ ಮುಂದೆ ಮೇಣದ ಬತ್ತಿ ಹಚ್ಚಿ, ಮೊಮ್ಮಗ ಕೊಡಿಸಿದ್ದ ಮೊಬೈಲನ್ನು ಅದರ ಪಕ್ಕದಲ್ಲಿ ಒರಗಿಸಿ ಕುಳಿತಿದ್ದರಂತೆ. ಅವರು ನನ್ನನ್ನು ಕೇಳಿದ ಮಾತು ಇದು: "ಮೇಷ್ಟ್ರೇ, ಅವತ್ತು ಪೂಜೆ ಶುರುವಾಗಲೇ ಇಲ್ವಾ? ಒಂದು ಗಂಟೆ ಆ ಸುತ್ತೋ ಚಕ್ರವನ್ನೇ ನೋಡ್ತಾ ಕೂತಿದ್ದೆ. ಕೊನೆಗೆ ಒಂದು ಜಪಸರ ಹೇಳಿ ಎದ್ದುಬಿಟ್ಟೆ." ಅವರ ದನಿಯಲ್ಲಿ ದೂರು ಇರಲಿಲ್ಲ. ತಮಗೇ ಏನೋ ತಿಳಿಯಲಿಲ್ಲವೆಂಬ ಸಂಕೋಚವಿತ್ತು. ತಪ್ಪು ನನ್ನದು, ಸಂಕೋಚ ಅವರದು. ಅಂದು ನಾನು ಪಟ್ಟ ನಾಚಿಕೆ ಇಂದಿಗೂ ಆರಿಲ್ಲ.

ನಂತರ ನನಗೆ ತಿಳಿದುಬಂದ ಸಂಗತಿ ಇನ್ನೂ ನಾಚಿಕೆ ತರಿಸಿತು. ದೇಶದ ಜನರೆಲ್ಲ ಮನೆಯಲ್ಲಿ ಕುಳಿತು ಅಂತರಜಾಲದ ಮೇಲೆ ಭಾರ ಹೆಚ್ಚಿದಾಗ, ಗೂಗಲ್, ನೆಟ್‌ಫ್ಲಿಕ್ಸ್, ಹಾಟ್‌ಸ್ಟಾರ್ ಮೊದಲಾದ ದೊಡ್ಡ ಸಂಸ್ಥೆಗಳೇ ಮಾರ್ಚ್ 24ರಂದು ಸಮಾಲೋಚಿಸಿ, ಮೊಬೈಲ್ ಜಾಲದಲ್ಲಿ ತಮ್ಮ ಚಿತ್ರಗಳನ್ನು 480 ಗೆರೆಗಳಿಗಿಂತ ಹೆಚ್ಚಿಸದೆ ಏಪ್ರಿಲ್ 14ರವರೆಗೆ ಕಳುಹಿಸಲು ಒಪ್ಪಿದ್ದವು. ಕೋಟಿಗಟ್ಟಲೆ ಬಂಡವಾಳವಿದ್ದವರು ಕೈ ಹಿಡಿದು ಬಡಿಸುತ್ತಿದ್ದ ಆ ದಿನಗಳಲ್ಲಿ, ಎರವಲು ಕ್ಯಾಮೆರಾದ ನಾನು 1080 ಗೆರೆಗಳ ಚಿತ್ರ ಬಡಿಸಲು ಹೊರಟಿದ್ದೆ!

ಇದು ಹೇಗೆ ನಡೆಯುತ್ತದೆಂಬುದನ್ನು ನಮಗೆ ಪರಿಚಿತವಾದ ಕೆರೆ ಕಾಲುವೆಗಳ ಮೂಲಕ ಹೇಳುತ್ತೇನೆ. ನಮ್ಮ ಶಿಕಾರಿಪುರ, ಸೊರಬದ ಸೀಮೆ ಕೆರೆಗಳ ಸೀಮೆ. ಕುಮುದ್ವತಿಯ ನೀರು ಅಂಜನಾಪುರದ ಜಲಾಶಯದಲ್ಲಿ ನಿಂತು, ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಹರಿಯುವುದನ್ನು ಕಂಡವರು ನಾವು. ಕೆರೆ ತುಂಬಿದೆಯೆಂದ ಮಾತ್ರಕ್ಕೆ ಎಲ್ಲರ ಗದ್ದೆಗೂ ನೀರು ಬಂತೆಂದು ಯಾವ ರೈತನೂ ಹೇಳುವುದಿಲ್ಲ. ಕಾಲುವೆಯ ಕೊನೆಯ ಗದ್ದೆಯವನನ್ನು ಕೇಳಿದರಷ್ಟೇ ನಿಜ ತಿಳಿಯುತ್ತದೆ.

ವೀಡಿಯೊ ಪ್ರಸಾರವೂ ಹಾಗೆಯೇ. ಮೊದಲನೆಯದಾಗಿ, ಕ್ಯಾಮೆರಾ ಹಿಡಿದ ಚಿತ್ರವನ್ನು ಇದ್ದಂತೆಯೇ ಕಳುಹಿಸಲಾಗದು. ಅದು ಅಷ್ಟು ದೊಡ್ಡದು. ಆದುದರಿಂದ ಯಂತ್ರವು ಒಂದು ಚಿತ್ರಕ್ಕೂ ಅದರ ಮುಂದಿನ ಚಿತ್ರಕ್ಕೂ ನಡುವೆ ಬದಲಾದ ಭಾಗವನ್ನು ಮಾತ್ರ ಹೆಚ್ಚಾಗಿ ದಾಖಲಿಸಿ, ಬದಲಾಗದ ಗೋಡೆ, ಬಲಿಪೀಠ, ಕಿಟಕಿಗಳನ್ನು ಮತ್ತೆ ಮತ್ತೆ ಹೇಳದೆ ಅದನ್ನು ಕುಗ್ಗಿಸುತ್ತದೆ. ಇದರಿಂದ ನಮಗೊಂದು ಪಾಠವಿದೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿದರೆ ಬದಲಾವಣೆ ಕಡಿಮೆ. ಕಡಿಮೆ ವೇಗದಲ್ಲಿಯೂ ಚಿತ್ರ ಚೆನ್ನಾಗಿ ಸಾಗುತ್ತದೆ. ಕೈಯಲ್ಲಿ ಹಿಡಿದು ಅತ್ತಿಂದಿತ್ತ ಓಡಾಡಿದರೆ ಇಡೀ ಚಿತ್ರವೇ ಬದಲಾಗುತ್ತಾ ಭಾರ ಹೆಚ್ಚುತ್ತದೆ.

ಎರಡನೆಯದಾಗಿ, ಹೀಗೆ ಕುಗ್ಗಿದ ಚಿತ್ರ ನಮ್ಮಿಂದ ಯೂಟ್ಯೂಬಿನಂಥ ವೇದಿಕೆಯ ಯಂತ್ರಾಗಾರಕ್ಕೆ ಹೋಗುತ್ತದೆ. ಅದನ್ನೇ ಕೆರೆಯೆಂದು ತಿಳಿಯಿರಿ. ಅಲ್ಲಿ ಅದೇ ಚಿತ್ರದಿಂದ ದೊಡ್ಡದು, ಮಧ್ಯಮ, ಚಿಕ್ಕದು ಎಂದು ಹಲವು ಪ್ರತಿಗಳು ಸಿದ್ಧವಾಗುತ್ತವೆ. ಪ್ರತಿಯೊಂದನ್ನೂ ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸುತ್ತಾರೆ. ನೋಡುವವರ ಮೊಬೈಲು ಒಂದೊಂದೇ ತುಣುಕನ್ನು ಕೇಳಿ ತರಿಸಿಕೊಳ್ಳುತ್ತದೆ. ಹಿಂದಿನ ತುಣುಕು ಬೇಗ ಬಂದರೆ ಮುಂದಿನದನ್ನು ದೊಡ್ಡ ಪ್ರತಿಯಿಂದ, ತಡವಾದರೆ ಚಿಕ್ಕ ಪ್ರತಿಯಿಂದ ಕೇಳುತ್ತದೆ. 2009ರಲ್ಲಿ ಆಪಲ್ ಸಂಸ್ಥೆ ಈ ಬಗೆಯ ಒಂದು ಕ್ರಮವನ್ನು ಪ್ರಕಟಿಸಿದ ಮೇಲೆ ಇದು ಎಲ್ಲೆಡೆ ಹರಡಿತು. ಬಹು ಜನ ಕೇಳುವ ತುಣುಕುಗಳ ನಕಲನ್ನು ನೋಡುವವರಿಗೆ ಸಮೀಪದ ಊರುಗಳ ಯಂತ್ರಗಳಲ್ಲಿ ಮೊದಲೇ ಇರಿಸುವುದರಿಂದ, ಎಲ್ಲರೂ ಒಂದೇ ಮೂಲಕ್ಕೆ ಮುಗಿಬೀಳಬೇಕಾಗಿಲ್ಲ. 2023ರ ನವೆಂಬರ್ 19ರಂದು ವಿಶ್ವಕಪ್ ಕ್ರಿಕೆಟ್ಟಿನ ಅಂತಿಮ ಪಂದ್ಯವನ್ನು ಒಂದೇ ಗಳಿಗೆಯಲ್ಲಿ 5.9 ಕೋಟಿ ಜನ ಹಾಟ್‌ಸ್ಟಾರಿನಲ್ಲಿ ನೋಡಲು ಸಾಧ್ಯವಾದುದು ಇಂಥ ಏರ್ಪಾಟಿನಿಂದಲೇ.

ಹಾಗಾದರೆ ಅಜ್ಜಿಯ ಮೊಬೈಲಿಗೆ ಚಿಕ್ಕ ಪ್ರತಿಯಾದರೂ ಏಕೆ ಬರಲಿಲ್ಲ? ಕೆರೆಗೇ ನೀರು ಬರದಿದ್ದರೆ ಎಷ್ಟು ತೂಬುಗಳಿದ್ದು ಏನು ಪ್ರಯೋಜನ? ನಮ್ಮ ದೇವಾಲಯದಿಂದ ಮೇಲಕ್ಕೆ ಹೋಗುವ ದಾರಿಯಲ್ಲಿಯೇ ಚಿತ್ರ ಸಿಕ್ಕಿಕೊಂಡಿತ್ತು. ನಾವು ಮನೆಯಲ್ಲಿ ಚಿತ್ರ ನೋಡುವಾಗ ಲೆಕ್ಕಕ್ಕೆ ಬರುವುದು ಕೆಳಕ್ಕೆ ಇಳಿಯುವ ವೇಗ. ಚಿತ್ರ ಕಳುಹಿಸುವವನಿಗೆ ಬೇಕಾದುದು ಮೇಲಕ್ಕೆ ಏರುವ ವೇಗ. ಮೊಬೈಲ್ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಎರಡನೆಯದು ಬಹಳ ಕಡಿಮೆ. ಕಳುಹಿಸುವವನ ಆಡಂಬರದಿಂದ ದೊಡ್ಡ ಚಿತ್ರ ಬಯಸಿದವನಿಗೂ ಚಿಕ್ಕ ಚಿತ್ರ ಸಾಕೆಂದವನಿಗೂ ಒಟ್ಟಿಗೆ ನಷ್ಟವಾಯಿತು.

ಮುಂದಿನ ಭಾನುವಾರ, ಏಪ್ರಿಲ್ 19ರಂದು, 360 ಗೆರೆಗಳ ಚಿತ್ರವನ್ನಷ್ಟೇ ಕಳುಹಿಸಿದೆ. ಧ್ವನಿಯನ್ನು ಕ್ಯಾಮೆರಾದಿಂದ ಹಿಡಿಯದೆ ದೇವಾಲಯದ ಮಿಕ್ಸರಿನಿಂದ ನೇರವಾಗಿ ತಂತಿಯ ಮೂಲಕ ತೆಗೆದುಕೊಂಡೆ. ಅಜ್ಜಿಯನ್ನು ವಿಚಾರಿಸಿದಾಗ, "ಮುಖ ಅಷ್ಟು ಚೆನ್ನಾಗಿ ಕಾಣಲಿಲ್ಲ. ಗುರುಗಳ ದನಿ ಮಾತ್ರ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳಿಸ್ತು. ಅಷ್ಟು ಸಾಕಪ್ಪ" ಎಂದರು. ಅಂದಿನಿಂದ ನನಗೆ ಧ್ವನಿಯೇ ಮೊದಲು, ಚಿತ್ರ ನಂತರ. ಒಂದು ಗಂಟೆಯ ಪೂಜೆಯನ್ನು 1080 ಗೆರೆಗಳಲ್ಲಿ ನೋಡಿದರೆ ಸುಮಾರು 2 ಗಿಗಾಬೈಟ್ ಡೇಟಾ ಖರ್ಚಾಗುತ್ತದೆ. 360 ಗೆರೆಗಳಲ್ಲಿ ಸುಮಾರು 300 ಮೆಗಾಬೈಟ್ ಸಾಕು. ಮಾತು ಮತ್ತು ಹಾಡು ಮಾತ್ರವಾದರೆ ಸುಮಾರು 30 ಮೆಗಾಬೈಟಿನಲ್ಲಿ ಮುಗಿಯುತ್ತದೆ. ದಿನಕ್ಕೆ ಇಷ್ಟೇ ಡೇಟಾ ಎಂದು ಅಳೆದು ಕೊಳ್ಳುವ ಬಡವರ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಹಿಂದಿನ ಕಾಲದಲ್ಲಿ ಕೆರೆಯ ನೀರನ್ನು ಹಂಚಲು ನೀರುಗಂಟಿ ಎಂಬವನಿರುತ್ತಿದ್ದ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ಜವಾಬ್ದಾರಿ. ನಮ್ಮ ಪ್ರಸಾರಕ್ಕೂ ಇಂಥ ನೀರುಗಂಟಿಗಳು ಬೇಕು. ಅವರು ಪಾಲಿಸಬೇಕಾದ ಕೆಲವು ನಿಯಮಗಳನ್ನು ಹೇಳುತ್ತೇನೆ.

ಉತ್ಸವಕ್ಕೆ ಹಿಂದಿನ ಭಾನುವಾರ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮೇಲಕ್ಕೆ ಏರುವ ವೇಗವನ್ನು ಅಳೆಯಬೇಕು. ಅಳತೆಯ ಅರ್ಧಕ್ಕಿಂತ ಹೆಚ್ಚನ್ನು ಬಳಸಬಾರದು. 5 ಮೆಗಾಬಿಟ್ ದೊರೆತರೆ 2.5 ಮೆಗಾಬಿಟ್ಟಿನ ಚಿತ್ರ ಸಾಕು. ಹೊಸ ಚಾನೆಲ್ ತೆರೆದರೆ ನೇರ ಪ್ರಸಾರಕ್ಕೆ ಅನುಮತಿ ಸಿಗಲು 24 ಗಂಟೆಯವರೆಗೆ ಬೇಕಾಗಬಹುದು. ಹಬ್ಬದ ಮುಂಜಾನೆ ತೆರೆದು ಪರದಾಡಬಾರದು. ವಿದ್ಯುತ್ ಹೋದಾಗ ದೀಪ, ಫ್ಯಾನುಗಳಿಗೆ ಇನ್ವರ್ಟರ್ ಇರುತ್ತದೆ, ಅಂತರಜಾಲದ ಮೋಡೆಮ್ಮಿಗೆ ಇರುವುದಿಲ್ಲ. ಅದನ್ನೂ ಇನ್ವರ್ಟರಿಗೆ ಸೇರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೆಟ್‌ವರ್ಕ್ ಅತ್ಯಂತ ದುರ್ಬಲವಾಗಿರುವ ಹಳ್ಳಿಯ ಒಂದು ಮನೆಯನ್ನು ಗೊತ್ತುಮಾಡಿ, ಅಲ್ಲಿಯ ಸಾಧಾರಣ ಮೊಬೈಲಿನಲ್ಲಿ ಹೇಗೆ ಕಾಣುತ್ತಿದೆ, ಹೇಗೆ ಕೇಳುತ್ತಿದೆ ಎಂದು ಹತ್ತು ನಿಮಿಷಕ್ಕೊಮ್ಮೆ ಫೋನಿನಲ್ಲಿ ವಿಚಾರಿಸಬೇಕು. ಅದೇ ನಮ್ಮ ಕೊನೆಯ ಗದ್ದೆ. ದೇವಾಲಯದಲ್ಲಿ ಕುಳಿತು ನಮ್ಮದೇ ಪರದೆಯನ್ನು ನೋಡಿ ತೃಪ್ತಿಪಡುವುದು ಕೆರೆಯ ಏರಿಯ ಮೇಲೆ ನಿಂತು ಎಲ್ಲರಿಗೂ ನೀರು ಸಿಕ್ಕಿತೆಂದು ಹೇಳಿದಂತೆ.

ಪ್ರಸಾರದಲ್ಲಿ ಚಿತ್ರ ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೆ ತಡವಾಗಿ ತಲುಪುತ್ತದೆಂಬುದನ್ನೂ ಮನೆಯವರಿಗೆ ತಿಳಿಸಿರಬೇಕು. ದೇವಾಲಯದ ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ನಿಜವಾದ ಗಂಟೆಯ ಸದ್ದು ಕಿಟಕಿಯಿಂದ ಮೊದಲು ಕೇಳಿ, ಮೊಬೈಲಿನ ಗಂಟೆ ಆಮೇಲೆ ಬಾರಿಸುತ್ತದೆ. ಅದು ಕೆಟ್ಟುಹೋಗಿದೆಯೆಂದು ಅವರು ಗಾಬರಿಯಾಗಬೇಕಾಗಿಲ್ಲ.

ತಲುಪಿಸುವ ಮಾತಾಯಿತು, ಇನ್ನು ಉಳಿಸುವ ಮಾತು. ಶಿರಾಳಕೊಪ್ಪಕ್ಕೆ ಸಮೀಪದ ತಾಳಗುಂದದಲ್ಲಿ 5ನೆಯ ಶತಮಾನದ ಕದಂಬರ ಸ್ತಂಭ ಶಾಸನವಿದೆ. ಕಾಕುಸ್ಥವರ್ಮನು ಶಿವಾಲಯದ ಬಳಿ ಕೆರೆ ಕಟ್ಟಿಸಿದುದನ್ನು ಅದು ಹೇಳುತ್ತದೆ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದನ್ನು ರಚಿಸಿ ಕಲ್ಲಿನ ಮೇಲೆ ಬರೆದನು. ಕೆರೆ ಕಟ್ಟಿದ ಸಂಗತಿ ಇಂದಿಗೂ ನಮಗೆ ತಿಳಿದಿರುವುದು ಯಾರೋ ಒಬ್ಬರು ಅದನ್ನು ಉಳಿಯುವ ವಸ್ತುವಿನ ಮೇಲೆ, ತಮ್ಮದೇ ನೆಲದಲ್ಲಿ ಬರೆದಿಟ್ಟುದರಿಂದ.

ನಾವು ನಮ್ಮ ನೆನಪುಗಳನ್ನು ಎಲ್ಲಿ ಬರೆದಿಡುತ್ತಿದ್ದೇವೆ? ಅನ್ಯರ ಯಂತ್ರಾಗಾರದಲ್ಲಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿದಾಗ ಅದನ್ನೇ ನೆಚ್ಚಿದ್ದವರ ವೀಡಿಯೊಗಳು ಕೆಲವೇ ದಿನಗಳಲ್ಲಿ ಕಣ್ಮರೆಯಾದವು. ಅದನ್ನು ನಾವು ಬಳಸುತ್ತಿರಲಿಲ್ಲ ಎನ್ನಬಹುದು. ಫೇಸ್‌ಬುಕ್ಕನ್ನು ಅನೇಕ ಧರ್ಮಕೇಂದ್ರಗಳು ಬಳಸಿವೆ. 2025ರ ಫೆಬ್ರವರಿ 19ರಿಂದ ಅದು ಹೊಸ ನೇರ ಪ್ರಸಾರಗಳನ್ನು 30 ದಿನ ಮಾತ್ರ ಇಟ್ಟುಕೊಂಡು ಆಮೇಲೆ ಅಳಿಸುವ ನಿಯಮವನ್ನು ತಂದಿತು. ಹಳೆಯವನ್ನೂ ಸೂಚನೆ ಕೊಟ್ಟು, ಇಳಿಸಿಕೊಳ್ಳಲು ಅವಧಿ ಕೊಟ್ಟು, ತೆಗೆದುಹಾಕುವುದಾಗಿ ಹೇಳಿತು. ಸೂಚನೆ ಬಂದರೂ ಓದುವವರು ಯಾರು? ಚಾನೆಲ್ ತೆರೆದ ಹುಡುಗ ಅದನ್ನು ತನ್ನ ಸ್ವಂತ ಖಾತೆಯಲ್ಲಿ ತೆರೆದಿರುತ್ತಾನೆ. ಅವನು ಕೆಲಸ ಸಿಕ್ಕಿ ಬೆಂಗಳೂರಿಗೋ ದುಬೈಗೋ ಹೋದನೆಂದರೆ ಬೀಗದ ಕೈಯೂ ಅವನೊಡನೆ ಹೋಯಿತು.

ಜ್ಞಾನಸ್ನಾನದ, ಮದುವೆಯ, ಮರಣದ ದಾಖಲೆ ಪುಸ್ತಕಗಳನ್ನು ಧರ್ಮಕೇಂದ್ರವು ತನ್ನ ಕಪಾಟಿನಲ್ಲಿಯೇ ಇಟ್ಟುಕೊಳ್ಳುತ್ತದೆ. ಅನ್ಯರ ಅಂಗಡಿಯಲ್ಲಿ ಇಡುವುದಿಲ್ಲ. ವೀಡಿಯೊಗಳಿಗೂ ಅದೇ ಶಿಸ್ತು ಸಲ್ಲಬೇಕು. ಚಾನೆಲ್ ಧರ್ಮಕೇಂದ್ರದ ಹೆಸರಿನಲ್ಲಿರಲಿ; ಅದರ ಗುಪ್ತಪದ ವಿಚಾರಣೆ ಗುರುಗಳ ಬಳಿಯೂ ಇನ್ನೊಬ್ಬ ನಂಬಿಕಸ್ಥರ ಬಳಿಯೂ ಇರಲಿ. ಪ್ರತಿಯೊಂದು ಮುಖ್ಯ ಪ್ರಸಾರದ ಮೂಲ ಪ್ರತಿಯನ್ನು ಎರಡು ಹಾರ್ಡ್ ಡಿಸ್ಕುಗಳಲ್ಲಿ ತುಂಬಿಸಿ, ಒಂದನ್ನು ಕಚೇರಿಯಲ್ಲಿ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿ ಇಡಬೇಕು. ವರ್ಷಕ್ಕೊಮ್ಮೆ ತೆರೆದು ನೋಡಬೇಕು. ಒಂದು ರಿಜಿಸ್ಟರಿನಲ್ಲಿ ತಾರೀಖು, ಸಂದರ್ಭ, ಬಲಿಪೂಜೆ ಅರ್ಪಿಸಿದವರು, ವೀಡಿಯೊ ಎಷ್ಟು ಉದ್ದ, ಯಾವ ಡಿಸ್ಕಿನಲ್ಲಿದೆ ಎಂಬುದನ್ನು ಕೈಯಲ್ಲಿ ಬರೆದಿಡಬೇಕು. ಯೂಟ್ಯೂಬಿನಲ್ಲಿಯೂ ಶೀರ್ಷಿಕೆಯಲ್ಲಿ ಊರು, ತಾರೀಖು, ಸಂದರ್ಭಗಳನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಹಾಕಬೇಕು. "ಲೈವ್ 1", "ಲೈವ್ 2" ಎಂದು ಬಿಟ್ಟರೆ ಹತ್ತು ವರ್ಷದ ನಂತರ ಯಾರು ಹುಡುಕಿಯಾರು?

ಎಲ್ಲವನ್ನೂ ತಲುಪಿಸಬೇಕು, ಎಲ್ಲವನ್ನೂ ಉಳಿಸಬೇಕು ಎಂದೂ ಅಲ್ಲ. ಪಾಪನಿವೇದನೆಗೆ ನಿಂತವರತ್ತ, ಶವಪೆಟ್ಟಿಗೆಯ ಬಳಿ ಅಳುವ ತಾಯಿಯ ಮುಖದತ್ತ, ಪರಮಪ್ರಸಾದ ಸ್ವೀಕರಿಸುವವರ ತೀರ ಹತ್ತಿರಕ್ಕೆ ಕ್ಯಾಮೆರಾ ಹೋಗಬಾರದು. ಅಂತ್ಯಕ್ರಿಯೆಯನ್ನು ಮನೆಯವರ ಒಪ್ಪಿಗೆಯಿಲ್ಲದೆ ಪ್ರಸಾರ ಮಾಡಬಾರದು. ಕೊಲ್ಲಿಯಲ್ಲಿ ದುಡಿಯುವ ಮಗನಿಗೆ ತಂದೆಯ ಕೊನೆಯ ದರ್ಶನ ದೊರೆಯಲೆಂದು ಮಾಡುವ ಪ್ರಸಾರವನ್ನು ಲೋಕಕ್ಕೆಲ್ಲ ತೆರೆದಿಡಬೇಕಾಗಿಲ್ಲ. ಕೊಂಡಿ ಪಡೆದವರಿಗೆ ಮಾತ್ರ ಕಾಣುವಂತೆ ಮಾಡುವ ಅನುಕೂಲವಿದೆ. ಮಕ್ಕಳ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆಯೂ 18 ವರ್ಷ ತುಂಬದವರ ಮಾಹಿತಿಗೆ ತಂದೆತಾಯಿಯರ ಒಪ್ಪಿಗೆಯನ್ನು ಮುಂದಿಟ್ಟಿದೆ. ಮೆರವಣಿಗೆಯಲ್ಲಿ ಧ್ವನಿಮುದ್ರಿತ ಹಾಡುಗಳನ್ನು ಹಾಕಿದರೆ, ಹಕ್ಕುದಾರರ ಪರವಾಗಿ ಯಂತ್ರವೇ ಅದನ್ನು ಗುರುತಿಸಿ ಪ್ರಸಾರಕ್ಕೆ ತಡೆಯೊಡ್ಡಬಹುದು. ನಮ್ಮ ಗಾನವೃಂದ ತಾನೇ ಹಾಡುವುದು ಎಲ್ಲ ವಿಧದಿಂದಲೂ ಲೇಸು.

ಕೊನೆಯದಾಗಿ, ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ ಆಕ್ಷೇಪಣೆಗೆ ಬರುತ್ತೇನೆ. ಮನೆಯಲ್ಲಿಯೇ ಪೂಜೆ ಕಾಣುವುದಾದರೆ ಜನ ದೇವಾಲಯಕ್ಕೆ ಏಕೆ ಬರುತ್ತಾರೆ ಎಂಬ ಆತಂಕ ನ್ಯಾಯವಾದುದೇ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನದಲ್ಲಿ, ರೇಡಿಯೊ ಮತ್ತು ಟೆಲಿವಿಷನ್ನಿನ ಮೂಲಕ ಪೂಜಾವಿಧಿಗಳನ್ನು ಪ್ರಸಾರ ಮಾಡುವಾಗ ವಿವೇಕವೂ ಗಾಂಭೀರ್ಯವೂ ಇರಬೇಕು, ಯೋಗ್ಯರೊಬ್ಬರ ಮೇಲ್ವಿಚಾರಣೆ ಬೇಕು ಎಂದು ತಿಳಿಸಿದೆ. 2020ರ ಆಗಸ್ಟ್ 15ರ ದಿನಾಂಕವಿರುವ ಪತ್ರದಲ್ಲಿ ಕಾರ್ಡಿನಲ್ ರಾಬರ್ಟ್ ಸಾರಾ ಅವರು, ಯಾವ ಪ್ರಸಾರವೂ ಖುದ್ದಾಗಿ ಬಲಿಪೂಜೆಯಲ್ಲಿ ಭಾಗವಹಿಸುವುದಕ್ಕೆ ಸಮಾನವಲ್ಲವೆಂದು ವಿಶ್ವಾಸಿಗಳಿಗೆ ನೆನಪಿಸಿದರು. ಬರಲು ಶಕ್ತಿಯಿರುವವರು ಬರಲೇಬೇಕು. ಇದರಲ್ಲಿ ಎರಡು ಮಾತಿಲ್ಲ.

ಆದರೆ ಬರಲಾಗದವರೂ ಇದ್ದಾರೆ. 1958ರಲ್ಲಿ ಟೆಲಿವಿಷನ್ನಿನ ಪಾಲಕ ಸಂತಳೆಂದು ಜಗದ್ಗುರು 12ನೆಯ ಪಿಯುಸರು ಘೋಷಿಸಿದುದು ಯಾರನ್ನು? 13ನೆಯ ಶತಮಾನದ ಅಸಿಸಿಯ ಸಂತ ಕ್ಲಾರಾರನ್ನು. ರೋಗದಿಂದ ಹಾಸಿಗೆ ಹಿಡಿದು ಕ್ರಿಸ್ತಜಯಂತಿಯ ರಾತ್ರಿ ದೇವಾಲಯಕ್ಕೆ ಹೋಗಲಾಗದ ಆಕೆ, ದೂರದಲ್ಲಿ ನಡೆದ ಆರಾಧನೆಯನ್ನು ತಮ್ಮ ಕೋಣೆಯಲ್ಲಿಯೇ ಕಂಡು ಕೇಳಿದರೆಂಬುದು ಪರಂಪರೆಯ ಮಾತು. ದೂರದರ್ಶನದ ಪಾಲಕಿಯಾಗಿ ಆಯ್ಕೆಯಾದವರು ಚಿತ್ರ ಕಳುಹಿಸಿದವರಲ್ಲ, ಎದ್ದು ಹೋಗಲಾಗದ ಒಬ್ಬ ರೋಗಿ ಎಂಬುದನ್ನು ಗಮನಿಸಿರಿ.

ಆದುದರಿಂದ ಎಷ್ಟು ಜನ ನೋಡಿದರೆಂಬ ಸಂಖ್ಯೆಯನ್ನು ಹಿಡಿದು ಹಿಗ್ಗುವುದು ಬೇಡ. ಒಂದೇ ಮೊಬೈಲಿನ ಮುಂದೆ ಕುಳಿತ ಐವರ ಕುಟುಂಬವೂ ಅಲ್ಲಿ ಒಂದೇ. ಸ್ವಲ್ಪ ಹೊತ್ತು ಇಣುಕಿ ಹೋದವನೂ ಒಂದೇ. ನಮಗೆ ಬೇಕಾದುದು ಬೇರೊಂದು ಪಟ್ಟಿ. ನಮ್ಮ ಧರ್ಮಕೇಂದ್ರದಲ್ಲಿ ಮನೆಬಿಟ್ಟು ಬರಲಾಗದವರು ಯಾರು ಯಾರು, ಯಾವ ಹಳ್ಳಿಯವರು, ಅವರ ಮನೆಯಲ್ಲಿ ಮೊಬೈಲ್ ಇದೆಯೇ, ಅದನ್ನು ತೆರೆದುಕೊಡುವವರಿದ್ದಾರೆಯೇ? ಆ ಪಟ್ಟಿ ಸಿದ್ಧವಾದರೆ ಪ್ರಸಾರ ಮುಗಿದ ಮೇಲೆ ಯಾರ ಮನೆಗೆ ಪರಮಪ್ರಸಾದ ಒಯ್ಯಬೇಕು, ಯಾರನ್ನು ಹೋಗಿ ಮಾತನಾಡಿಸಬೇಕು ಎಂಬುದೂ ನಮಗೆ ತಿಳಿಯುತ್ತದೆ.

ಸಮಿತಿಯ ಹಿರಿಯರಲ್ಲಿ ನನ್ನ ಅರಿಕೆ ಇಷ್ಟೇ. ಸಂಗ್ರಹವಾದ ಹಣದಲ್ಲಿ ಮೊದಲು ಒಂದು ಭದ್ರವಾದ ತಂತಿ ಸಂಪರ್ಕವನ್ನು ಹಾಕಿಸಿರಿ. ಮಿಕ್ಸರಿನಿಂದ ಧ್ವನಿ ತೆಗೆಯುವ ತಂತಿ, ಮೋಡೆಮ್ಮಿಗೆ ಇನ್ವರ್ಟರ್, ಒಂದು ಗಟ್ಟಿ ಮುಕ್ಕಾಲಿ, ಎರಡು ಹಾರ್ಡ್ ಡಿಸ್ಕು, ಒಂದು ರಿಜಿಸ್ಟರ್ ಕೊಳ್ಳಿರಿ. ಮೊಬೈಲ್ ಬಳಸಲು ಬಾರದ ಹಿರಿಯರ ಮನೆಗಳಿಗೆ ಉತ್ಸವದ ದಿನ ಒಬ್ಬೊಬ್ಬ ಯುವಕ ಯುವತಿಯನ್ನು ಕಳುಹಿಸಿರಿ. ಇಷ್ಟಾದ ಮೇಲೆ ಹಣ ಉಳಿದರೆ ಕ್ಯಾಮೆರಾ ಕೊಳ್ಳೋಣ. ಉಳಿಯದಿದ್ದರೆ ಇರುವ ಮೊಬೈಲೇ ಸಾಕು.

ಆ ಅಜ್ಜಿ ಈಗ ನಮ್ಮೊಡನಿಲ್ಲ. ಆದರೆ ಅವರಂತೆ ಮೇಣದ ಬತ್ತಿ ಹಚ್ಚಿಟ್ಟು, ಮೊಬೈಲನ್ನು ಗೋಡೆಗೆ ಒರಗಿಸಿ ಕಾಯುವವರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಉತ್ಸವದ ದಿನ ಅವರಲ್ಲಿ ಯಾರೂ ಪೂಜೆ ಶುರುವಾಗಲೇ ಇಲ್ಲವೇ ಎಂದು ಕೇಳುವಂತಾಗಬಾರದು.

 ದೇವರು ನಮ್ಮೆಲ್ಲರನ್ನೂ ಹರಸಲಿ.